ಒಂದೂಕಾಲು ಸುತ್ತು

ಮೂರು ಬೋಲ್ಟುಗಳು ತಕರಾರಿಲ್ಲದೆ ಬಂದವು. ನಾಲ್ಕನೆಯದು ಜಗ್ಗಲಿಲ್ಲ. ಅಪ್ಪ ಬಿಗಿದ ಬೋಲ್ಟು, ಸುಲಭಕ್ಕೆ ಜಗ್ಗಿದ್ದರೇ ಅನುಮಾನ ಪಡಬೇಕಿತ್ತು. ಊಟದ ಮೇಜಿಗೆ ಹಳೆಯ ಪೇಪರು ಹಾಸಿ, ಅದರ ಮೇಲೆ ಒಂದು ಮೊಳದ ಆ ರಿಮೋಟ್ ಟ್ರಕ್ಕನ್ನು ಮಗ್ಗುಲಾಗಿ ಮಲಗಿಸಿ, ಎಡಗೈಯಲ್ಲಿ ಅದರ ತಳವನ್ನು ಅದುಮಿ ಹಿಡಿದು ಬಲಗೈಯಲ್ಲಿ ಅಲೆನ್ ಕೀ ಒತ್ತುತ್ತಾ, ಶನಿವಾರ ಬೆಳಗಿನ ಹತ್ತು ಗಂಟೆಗೆ ಅವಳು ತನ್ನ ಮನೆಯಲ್ಲೇ ಕಳ್ಳತನಕ್ಕಿಳಿದವಳ ಹಾಗೆ ಎರಡೆರಡು ಸಲ ಬಾಗಿಲ ಕಡೆ ನೋಡಿದಳು. ಅಪ್ಪ ಅವಳ ತಂಗಿಯ ಮನೆಗೆ ಹೋಗಿ ಎರಡು ದಿನವಾಗಿತ್ತು. ಬರುವುದು ಸಂಜೆ ನಾಲ್ಕಕ್ಕೆ. ಬಾಗಿಲು ನೋಡುವ ಅಗತ್ಯವೇ ಇರಲಿಲ್ಲ. ಕೆಲಸದ ಬಗ್ಗೆ ಅವಳಿಗೆ ಎಳ್ಳಷ್ಟೂ ಅಳುಕಿಲ್ಲ. ಇಪ್ಪತ್ತೆರಡು ವರ್ಷ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿದ ಕೈ ಅದು. ನೀರೆತ್ತುವ ಪಂಪು, ಗಿರಣಿ, ಲಿಫ್ಟು, ಆಸ್ಪತ್ರೆಯ ಲಾಂಡ್ರಿ ಯಂತ್ರ, ಯಾವುದು ಸುಟ್ಟರೂ ಕೊನೆಗೆ ಅವಳ ಮೇಜಿಗೇ ಬರಬೇಕು. ಇಂಧನದಲ್ಲಿ ಓಡುವ ನೈಟ್ರೊ ಎಂಜಿನ್ ಕಿತ್ತು ಅದರ ಜಾಗಕ್ಕೆ ಬ್ಯಾಟರಿಯಲ್ಲಿ ಓಡುವ ಬ್ರಶ್‌ಲೆಸ್ ಮೋಟಾರು ಕೂರಿಸುವುದು ಅವಳ ಲೆಕ್ಕದಲ್ಲಿ ಒಂದು ರಜಾ ದಿನದ ಕೆಲಸ. ಅಳುಕೆಲ್ಲ ಕೀಳುವುದರಲ್ಲಿತ್ತು, ಕೂರಿಸುವುದರಲ್ಲಿ ಅಲ್ಲ. ಆದರೆ ಕೇಳಿಯಾಗಿದೆಯಲ್ಲ. ಸೋಮವಾರ ರಾತ್ರಿ ಊಟದ ಹೊತ್ತಿನಲ್ಲಿ, ಟೀವಿ ಬೊಬ್ಬೆ ಹೊಡೆಯುತ್ತಿರುವಾಗ, "ಅಪ್ಪ, ನಿಮ್ಮ ಟ್ರಕ್ಕಿಗೆ ಮೋಟಾರು ಹಾಕ್ಲಾ?" ಎಂದು ಕೇಳಿದ್ದಳು. ಅಪ್ಪ ತಟ್ಟೆಯಿಂದ ತಲೆ ಎತ್ತಿ, ಅವಳ ಮುಖ ನೋಡಿ, "ಹೂಂ" ಎಂದಿದ್ದರು. ಹೂಂ ಅಂದರೆ ಹೂಂ. ಅವಳು ಕೀಲಿಗೆ ಮೈಭಾರವನ್ನೆಲ್ಲ ಹಾಕಿದಳು; ಬೋಲ್ಟು ಕಿರ್ರೆಂದು ಸೋತಿತು.

ಎಂಜಿನ್ ಅಂಗೈ ಮೇಲೆ ಬಂದು ಕೂತಾಗ ಹರಳೆಣ್ಣೆಯ ಹಳೆಯ ವಾಸನೆ ಮೂಗಿಗೆ ಬಡಿಯಿತು. ಇಂಧನಕ್ಕೆ ಹರಳೆಣ್ಣೆ ಬೆರೆಸುತ್ತಿದ್ದವಳು ಅವಳೇ.

ಗಂಡ ಎರಡು ಲೋಟ ಕಾಫಿ ಹಿಡಿದು ಬಂದ. ಔಷಧಿ ಕಂಪನಿಯ ವ್ಯಾನು ಓಡಿಸುವವನು, ಶನಿವಾರ ಅವನಿಗೂ ರಜೆ. ಮೇಜಿನ ಮೇಲಿನ ಹರವು ನೋಡಿ ಲೋಟ ಇಡಲು ಜಾಗ ಹುಡುಕಿ, ಸಿಗದೆ, ಎರಡನ್ನೂ ಕೈಯಲ್ಲೇ ಹಿಡಿದು ನಿಂತ.

"ರೋಗಿ ಬದುಕ್ತಾನಾ ಡಾಕ್ಟ್ರೇ?"

"ರೋಗಿ ಸತ್ತು ಹದಿನಾಲ್ಕು ತಿಂಗಳಾಯ್ತು. ಈಗ ಎಬ್ಬಿಸ್ತಿದೀನಿ."

"ಎದ್ದ ಮೇಲೆ ಮಾವ ನಿನ್ನನ್ನ ಮಲಗಿಸದೇ ಇದ್ರೆ ಸಾಕು."

"ಅವರು ಹೂಂ ಅಂದಿದಾರೆ ರೀ."

"ಅಂದಿದಾರಾ? ಹಾಗಾದ್ರೆ ಬಾಗಿಲು ಯಾಕೆ ನೋಡ್ತಿದೀಯ?" ಎಂದು ಅವನು ಲೋಟವನ್ನು ಅವಳ ಕೈಗೇ ಕೊಟ್ಟು ಹೋದ. ಈ ಮನುಷ್ಯನಿಗೆ ಏನೂ ಕಾಣುವುದಿಲ್ಲ ಎಂದು ನೆಮ್ಮದಿಯಾಗಿರುವಾಗಲೇ ಎಲ್ಲವೂ ಕಂಡಿರುತ್ತದೆ. ಅವಳು ಕಾಫಿಯನ್ನು ನಿಂತೇ ಕುಡಿದಳು.

ಹದಿನಾಲ್ಕು ತಿಂಗಳ ಹಿಂದಿನ ಆ ರೇಸಿನ ದಿನವೂ ಅವಳು ನಿಂತೇ ಇದ್ದಳು. ರಿಮೋಟ್ ಗಾಡಿ ಕ್ಲಬ್ಬಿನ ಟ್ರ್ಯಾಕಿನ ಪಕ್ಕದ ತಗಡಿನ ಚಪ್ಪರದಡಿ, ಉದ್ದನೆಯ ಹಲಗೆಯ ಮೇಜಿನ ಒಂದು ತುದಿಯಲ್ಲಿ, ಇಂಧನದ ಬಾಟಲಿ ಹಿಡಿದುಕೊಂಡು. ಅಪ್ಪ ಟ್ರಕ್ಕನ್ನು ಮೊಣಕಾಲೂರಿ ಹಿಡಿದು, ತಲೆ ವಾಲಿಸಿ, ಬಲಗಿವಿಯನ್ನು ಎಂಜಿನ್ನಿನ ಕಡೆ ಕೊಟ್ಟು, ಕಾರ್ಬುರೇಟರಿನ ಸೂಜಿಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಆ ಸೂಜಿಯದೇ ಎಲ್ಲ ಆಟ. ತೆರೆದರೆ ಇಂಧನ ಹೆಚ್ಚು, ಎಂಜಿನ್ ಗೊಳಗೊಳ ಎನ್ನುತ್ತಾ ಹೊಗೆ ಉಗುಳುತ್ತದೆ. ಅಪ್ಪ ಅದಕ್ಕೆ 'ಕೊಬ್ಬಿದೆ' ಎನ್ನುತ್ತಿದ್ದರು. ಮುಚ್ಚುತ್ತಾ ಹೋದಂತೆ ಗೊಳಗೊಳ ಕರಗಿ, ಸ್ವರ ಮೇಲೇರಿ, ಒಂದು ಹಂತದಲ್ಲಿ ಸಣ್ಣಗೆ, ತೀಕ್ಷ್ಣವಾಗಿ, ಕೀರಲು ಹತ್ತುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸಿ ಒಂದು ಕೂದಲೆಳೆ ಹಿಂದಕ್ಕೆ ಬರಬೇಕು. ದಾಟಿದರೆ ಒಣಗಿತು, ಒಣಗಿದರೆ ಸುಟ್ಟಿತು. ಆ ಸಣ್ಣ ಕೀರಲನ್ನು ಹಿಡಿಯುವುದರಲ್ಲಿ ಅಪ್ಪನ ಸಮಕ್ಕೆ ಬರುವವರಿರಲಿಲ್ಲ. ಲಾರಿ ಗ್ಯಾರೇಜಿನಲ್ಲಿ ಮೂವತ್ತೆಂಟು ವರ್ಷ, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ಯಾವ ಬೇರಿಂಗು ಯಾವ ವಾರ ಕೈಕೊಡುತ್ತದೆ ಎಂದು ಹೇಳಿಬಿಡುತ್ತಿದ್ದರು. ಕಿವಿ ಮಾಸ್ತರು ಎಂದೇ ಹೆಸರು. ನಿವೃತ್ತಿಯ ದಿನ ಗ್ಯಾರೇಜಿನವರು ಕೊಟ್ಟ ಟ್ರಕ್ಕು ಇದು, ಆಟಿಕೆ ಅಂತ ನಗಬೇಡಿ ಮಾಸ್ತರೇ, ಇದರಲ್ಲೂ ಎಂಜಿನ್ ಇದೆ, ಎಂದು. ಕ್ಲಬ್ಬಿನಲ್ಲಿ ಇಪ್ಪತ್ತರ ಹರೆಯದವರೂ ತಮ್ಮ ಗಾಡಿ ಹೊತ್ತು ಅವರ ಮುಂದೆ ಸಾಲುಗಟ್ಟುತ್ತಿದ್ದರು. ಮಾಸ್ತರೇ, ಒಂದ್ಸಲ ಕಿವಿ ಕೊಡಿ.

ಅವತ್ತು ಕೊನೆಯ ಸುತ್ತಿಗೆ ಎರಡು ಸುತ್ತು ಮುಂಚೆ, ಎಲ್ಲರಿಗಿಂತ ಮುಂದಿದ್ದ ಅಪ್ಪನ ಟ್ರಕ್ಕು ಒಂದು ಕೀರಲು ಕೂಗು ಹಾಕಿ ಫಕ್ಕನೆ ನಿಂತಿತು. ಚಕ್ರ ಉರುಳುತ್ತಿತ್ತು, ಎಂಜಿನ್ ಕಲ್ಲಾಗಿತ್ತು. ಮೇಜಿನ ಸುತ್ತ ಏಳೆಂಟು ಜನ ಸೇರಿದರು. ಕ್ಲಬ್ಬಿನ ಕಾರ್ಯದರ್ಶಿ, ದಪ್ಪ ಕನ್ನಡಕದವರು, "ಏನಾಯ್ತು ಮಾಸ್ತರೇ, ನಿಮ್ಮದೂ ಹಿಡಿದುಕೊಳ್ತಾ?" ಎಂದರು. ಆ 'ನಿಮ್ಮದೂ' ಎಂಬ ಮಾತು ಅಪ್ಪನಿಗೆ ಚುರುಕ್ಕೆಂದಿರಬೇಕು. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒಂದೊಂದೇ ಬೆರಳು. ಆಮೇಲೆ ಅವಳ ಕಡೆ ನೋಡದೆ ಹೇಳಿದರು: "ಎಣ್ಣೆ ಅಳೆದಿದ್ದು ನಮ್ಮ ಹುಡುಗಿ. ಕಮ್ಮಿ ಹಾಕಿದಾಳೆ." ಏಳೆಂಟು ಜೋಡಿ ಕಣ್ಣುಗಳು ಅವಳ ಕೈಯಲ್ಲಿದ್ದ ಬಾಟಲಿಗೆ ತಿರುಗಿದವು. ನಲವತ್ತೈದು ವರ್ಷದ ಹುಡುಗಿ. ಯಾರೋ ಒಬ್ಬರು, ಸಮಾಧಾನಕ್ಕೆಂದೇ, "ಹೋಗ್ಲಿ ಬಿಡಿ, ಹೆಂಗಸ್ರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ" ಎಂದರು. ಬಾಟಲಿ ಎತ್ತಿ ಆ ಮನುಷ್ಯನ ಕಾಲ ಮೇಲೆ ಹಾಕಬೇಕೆನ್ನಿಸಿತು. ಹಾಕಲಿಲ್ಲ. ಬಾಯಿ ಬಿಡಲಿಲ್ಲ, ಯಾಕೆಂದರೆ ಅಳತೆ ತಪ್ಪಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ಅವಳಿಗೇ ಇರಲಿಲ್ಲ. ನೂರು ಪಾಲಿಗೆ ಇಪ್ಪತ್ತು ಪಾಲು ಎಣ್ಣೆ; ಅಳತೆಯ ಗಾಜಿನ ಗೀಟಿಗೆ ಕಣ್ಣು ಸಮ ಮಾಡಿ ಬಗ್ಗಿದ್ದು ನೆನಪಿದೆ. ಆಗ ಫೋನು ಬಡಿದುಕೊಂಡಿದ್ದೂ ನೆನಪಿದೆ. ಫೋನಿಗೆ ಮುಂಚೆ ಸುರಿದಳೋ, ಆಮೇಲೆ ಸುರಿದಳೋ, ಸುರಿದೇನೋ ಸುರಿದಳು, ಎಷ್ಟು? ಹದಿನಾಲ್ಕು ತಿಂಗಳಿಂದ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಅಂಗಡಿಯ ಮೇಜಿನ ಮೇಲೆ ತಾಮ್ರದ ಎಳೆ ಎಣಿಸುವಾಗ ನಡುನಡುವೆ, ಅವಳು ಆ ಗಾಜನ್ನು ಎತ್ತಿ ಎತ್ತಿ ನೋಡಿದ್ದಳು. ಒಂದು ದಿನ ಗೀಟಿಗೆ ಸರಿಯಾಗಿರುತ್ತಿತ್ತು, ಒಂದು ದಿನ ಕೆಳಗಿರುತ್ತಿತ್ತು. ಅಪ್ಪ ಮತ್ತೆ ಟ್ರ್ಯಾಕಿಗೆ ಹೋಗಲಿಲ್ಲ. ಟ್ರಕ್ಕು ಕಪಾಟಿನ ಮೇಲೇರಿತು, ಅದರ ಮೇಲೊಂದು ಹಳೆಯ ಟವೆಲ್ಲು. ಅಪ್ಪ ಮಾತೂ ಕಮ್ಮಿ ಮಾಡಿದರು, ಟೀವಿಯ ಮುಂದೆ ಕೂತರು. ಇದೆಲ್ಲ ತನ್ನ ಕೈಯಿಂದಾಯಿತು ಎಂದೇ ಈ ಮೋಟಾರು. ಕ್ಲಬ್ಬಿನ ಕಸದ ಡಬ್ಬಿಯಿಂದ ಸುಟ್ಟ ಮೋಟಾರೊಂದನ್ನು ಕಾರ್ಯದರ್ಶಿಯವರ ಒಪ್ಪಿಗೆ ಪಡೆದೇ ಹೆಕ್ಕಿ ತಂದು, ಹದಿನೈದು ದಿನ ಊಟದ ಬಿಡುವಿನಲ್ಲಿ ಕೂತು ಸುತ್ತಿದ್ದಳು.

ಎಂಜಿನ್ನನ್ನು ಹಾಗೇ ಎತ್ತಿಡುವಂತಿರಲಿಲ್ಲ. ತೊಳೆದು, ಒರೆಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಡಬೇಕು. ಕಿತ್ತಳು ಅನ್ನುವ ಬದಲು ಕಾಪಾಡಿದಳು ಅನ್ನಲಿ. ಕಾರ್ಬುರೇಟರು ತೊಳೆಯಬೇಕಾದರೆ ಸೂಜಿ ತೆಗೆಯಬೇಕು. ತೆಗೆಯುವ ಮುಂಚೆ ಅದನ್ನು ಪೂರ್ತಿ ಮುಚ್ಚಿ, ಎಷ್ಟು ಸುತ್ತಿಗೆ ಮುಚ್ಚಿತು ಎಂದು ಎಣಿಸಿ ಬರೆದಿಡಬೇಕು. ಇದು ಅಪ್ಪನ ಕಟ್ಟಪ್ಪಣೆ, ಅವಳು ಏಳು ವರ್ಷದವಳಿದ್ದಾಗಿನಿಂದ ಕೇಳಿದ್ದು. ಟ್ರಕ್ಕಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅವರದೇ ಅಕ್ಷರದಲ್ಲಿ ಇತ್ತು: ದೊಡ್ಡ ಸೂಜಿ, ಮೂರು ಸುತ್ತು; ಬೇಸಿಗೆಯಲ್ಲಿ ಎರಡೂಮುಕ್ಕಾಲು. ಎರಡೂವರೆಗಿಂತ ಕೆಳಗೆ ಬೇಡ, ಎಂದು ಅಡಿಗೆರೆ. ಅವಳು ಸ್ಕ್ರೂಡ್ರೈವರು ಕೂರಿಸಿ ತಿರುಗಿಸಿದಳು. ಅರ್ಧ. ಒಂದು. ಒಂದೂಕಾಲು. ಸೂಜಿ ತಳ ಮುಟ್ಟಿ ನಿಂತಿತು.

ಕೊಳೆ ಸಿಕ್ಕಿಕೊಂಡಿರಬೇಕು ಎಂದುಕೊಂಡು ಪೂರ್ತಿ ಹೊರಗೆ ತೆಗೆದು, ಊದಿ, ಮತ್ತೆ ತಳದವರೆಗೆ ಬಿಗಿದು ನೋಡಿದಳು. ಮೊದಲು ನಿಂತಲ್ಲೇ ನಿಂತಿತು, ಕೊಳೆ ಏನೂ ಇರಲಿಲ್ಲ. ಅಪ್ಪ ಎಂಜಿನ್ ಕಲ್ಲಾದ ದಿನದಿಂದ ಅದನ್ನು ಕೈಯಲ್ಲೂ ಮುಟ್ಟಿರಲಿಲ್ಲ. ಮೂರಿರಬೇಕಾದ ಕಡೆ ಒಂದೂಕಾಲು. ಅರ್ಧಕ್ಕಿಂತ ಕಡಿಮೆ ಇಂಧನ. ಇಷ್ಟು ಮುಚ್ಚಿದ ಎಂಜಿನ್ನಿಗೆ ಇಪ್ಪತ್ತು ಪಾಲಲ್ಲ, ನಲವತ್ತು ಪಾಲು ಎಣ್ಣೆ ಬೆರೆಸಿದ್ದರೂ ಅದು ಉಳಿಯುತ್ತಿರಲಿಲ್ಲ. ಅವಳು ಮೇಲಿನ ತಲೆಯನ್ನೂ ಬಿಚ್ಚಿದಳು. ಪಿಸ್ಟನ್ನಿನ ನೆತ್ತಿ ಕಂದು ಬಣ್ಣಕ್ಕಿರಬೇಕಿತ್ತು, ಸುಣ್ಣದ ಹಾಗೆ ಬೆಳ್ಳಗಿತ್ತು. ಪ್ಲಗ್ಗಿನ ತಂತಿ ಸುರುಳಿ ಬಿಟ್ಟು ಮುರುಟಿತ್ತು. ಒಣಗಿ ಸುಟ್ಟ ಎಂಜಿನ್. ಓದಲು ಬರುವವರಿಗೆ ಬರೆದಿಟ್ಟಷ್ಟು ಸ್ಪಷ್ಟ. ಅವಳಿಗೆ ಮೊದಲು ಆದದ್ದು ಸಂತೋಷ. ಅದನ್ನು ಬಚ್ಚಿಡುವುದೇಕೆ, ಕುಣಿಯುವಷ್ಟು ಸಂತೋಷ. ಹದಿನಾಲ್ಕು ತಿಂಗಳಿಂದ ಕಣ್ಣ ಮುಂದೆ ಏರಿಳಿಯುತ್ತಿದ್ದ ಆ ಗಾಜಿನ ಎಣ್ಣೆ ಗೀಟಿಗೆ ಬಂದು ನಿಂತುಬಿಟ್ಟಿತು. ಅಳತೆ ಸರಿಯಾಗಿತ್ತು. ತನ್ನ ಕೈ ತಪ್ಪಿರಲಿಲ್ಲ. ಈ ಎಂಜಿನ್ನನ್ನು ಹೀಗೇ ತಟ್ಟೆಯಲ್ಲಿಟ್ಟು, ನಾಳೆ ಭಾನುವಾರವೇ, ಆ ತಗಡಿನ ಚಪ್ಪರದಡಿ ಆ ಏಳೆಂಟು ಜನರ ಮೂಗಿನ ಕೆಳಗೆ ಹಿಡಿಯಬೇಕು. ಮುಖ್ಯವಾಗಿ ಆ ಸಮಾಧಾನ ಹೇಳಿದವನ ಮೂಗಿನ ಕೆಳಗೆ.

ಆದರೆ ಕಿವಿ ಮಾಸ್ತರು ಒಂದೂಕಾಲಿಗೆ ಯಾಕೆ ಹೋದರು? ಅವರೇ ಅಡಿಗೆರೆ ಎಳೆದವರು. ಅವಳು ಸ್ಟೂಲಿನ ಮೇಲೆ ಕೂತು, ಆ ದಿನದ ಅಪ್ಪನನ್ನು ಮತ್ತೆ ಮೊಣಕಾಲೂರಿಸಿ, ತಲೆ ವಾಲಿಸಿ, ಸ್ಕ್ರೂಡ್ರೈವರು ಕೊಟ್ಟು ನೋಡಿದಳು. ಗೊಳಗೊಳ ಕೇಳುತ್ತಿದೆ, ಮುಚ್ಚುತ್ತಾರೆ. ಗೊಳಗೊಳ ಕರಗಿತು. ಇನ್ನು ಕೀರಲು ಬರಬೇಕು, ಬರುತ್ತಿಲ್ಲ, ಇನ್ನಷ್ಟು ಮುಚ್ಚುತ್ತಾರೆ. ಬರುತ್ತಿಲ್ಲ. ಅಪ್ಪನ ಹುಬ್ಬು ಗಂಟಾಗಿದ್ದು ಅವಳಿಗೆ ಈಗ ಕಂಡಿತು, ಅವತ್ತು ಕಂಡಿರಲಿಲ್ಲ. ಎಂಜಿನ್ ಕೀರುತ್ತಿತ್ತು, ಅವಳ ಹಲ್ಲು ಜುಮ್ಮೆನ್ನುವಷ್ಟು ಕೀರುತ್ತಿತ್ತು. ಅಪ್ಪ ಇನ್ನೂ ಅದಕ್ಕಾಗಿ ಕಾಯುತ್ತಿದ್ದರು. ಮನೆಯ ಬಾಗಿಲಿನ ಗಂಟೆಗೆ ಅಪ್ಪ ಏಳುವುದನ್ನು ಬಿಟ್ಟು ಎಷ್ಟು ದಿನವಾಯಿತು? ಫೋನು ಅವರ ಜೇಬಿನಲ್ಲೇ ಕೂಗಿ ಕೂಗಿ ಸುಮ್ಮನಾಗುತ್ತದೆ. ಅಳಿಯ ಒಂದು ಮಾತಾಡಿದರೆ ತಟ್ಟನೆ ಉತ್ತರ, ಅವಳು ಅದನ್ನೇ ಎರಡು ಸಲ ಕೇಳಿದರೂ ಒಂದು ಹೂಂ. ಮಗಳೆಂದರೆ ಅಷ್ಟೇ ಅಸಡ್ಡೆ ಎಂದು ಅವಳು ಇದನ್ನೂ ಆ ಎಣ್ಣೆಯ ಲೆಕ್ಕಕ್ಕೇ ಸೇರಿಸಿದ್ದಳು. ಗಂಡನ ದನಿ ಗಡಸು, ಕೆಳಗಿನ ಸ್ವರದ್ದು. ತನ್ನದು ಸಣ್ಣ ದನಿ, ಮೇಲಿನ ಸ್ವರದ್ದು. ಎಂಜಿನ್ನಿನ ಆ ಕೀರಲೂ ಮೇಲಿನದೇ. ಅವಳು ಕೈಯಲ್ಲಿದ್ದ ಸೂಜಿಯನ್ನು ಪೇಪರಿನ ಮೇಲಿಟ್ಟಳು. ಆಗ ಸೋಮವಾರದ 'ಹೂಂ' ನೆನಪಾಯಿತು. ಅಪ್ಪ ಅವಳ ಮುಖ ನೋಡಿದ್ದರು, ಬಾಯಿ ಅಲ್ಲಾಡಿದ್ದು ನೋಡಿದ್ದರು, ಹೂಂ ಎಂದಿದ್ದರು. ಅನ್ನ ಬಡಿಸ್ಲಾ ಎಂದು ಕೇಳಿದಳು ಅಂದುಕೊಂಡಿರಬಹುದು. ಅವರು ಒಪ್ಪಿಯೇ ಇರಲಿಲ್ಲ, ಅವಳು ಎಂಜಿನ್ ಕಿತ್ತಾಗಿತ್ತು.

"ರೀ, ಬನ್ನಿ ಇಲ್ಲಿ."

ಗಂಡ ಬಂದು, ಎಲ್ಲ ಕೇಳಿಸಿಕೊಂಡು, ಬಿಳಿಚಿದ ಪಿಸ್ಟನ್ ಕಾಣುವಂತೆ ಎಂಜಿನ್ನನ್ನು ಬೆಳಕಿಗೆ ಹಿಡಿದು ನೋಡಿದ. ಅವನಿಗೆ ಪಿಸ್ಟನ್ ಓದಲು ಬರುವುದಿಲ್ಲ, ಅವಳ ಮುಖ ಓದಲು ಬರುತ್ತದೆ.

"ಅಯ್ಯೋ," ಎಂದ. "ನನ್ನ ಮಾತಿಗೆ ಮಾತ್ರ ಬೆಲೆ ಕೊಡ್ತಾರೆ ಅಂತ ಇಷ್ಟು ದಿನ ಬೀಗ್ತಿದ್ನಲ್ಲೇ."

ಅವಳಿಗೆ ನಗು ಬಂತು, ನಗುವಿನ ಹಿಂದೆ ಅಳುವೂ ಬರಬಹುದೇನೋ ಎಂದು ಮೂಗು ಒರೆಸಿಕೊಂಡಳು.

"ವಾಪಸ್ ಹಾಕ್ಬಿಡ್ಲಾ?"

"ಎಂಜಿನ್ ಓಡುತ್ತಾ?"

"ಓಡಲ್ಲ."

"ಮತ್ತೆ ಯಾತಕ್ಕೆ? ನಿನ್ನ ಕೈಲಿ ಆಗುತ್ತೆ ಅಂತ ಗೊತ್ತಿದ್ದೂ ಓಡದ್ದನ್ನ ಹಾಕಿಡ್ತೀಯಾ?" ಅವನು ಎಂಜಿನ್ನನ್ನು ಜೋಪಾನವಾಗಿ ಎಲ್ಲಿಂದ ಎತ್ತಿದ್ದನೋ ಅಲ್ಲೇ ಇಟ್ಟ. "ಅವರಿಗೆ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ನಾನಂತೂ ಬಾಯಿ ಹಾಕಲ್ಲ."

ಗಂಟೆ ಹನ್ನೆರಡಾಗುತ್ತಿತ್ತು. ಅವಳು ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಕೈ ತೊಳೆದು, ಕೆಲಸಕ್ಕೆ ಕೂತಳು. ಕೂತ ಮೇಲೆ ಅವಳೇ ಬೇರೆ. ಮೊದಲು ಬೇಡದ್ದೆಲ್ಲ ಹೊರಗೆ: ಇಂಧನದ ತೊಟ್ಟಿ, ಹೊಗೆಕೊಳವೆ, ಕ್ಲಚ್ಚು, ಬ್ರೇಕಿನ ಎರಡು ಬಿಲ್ಲೆಗಳು, ಅವನ್ನು ಎಳೆಯುವ ಕಡ್ಡಿಗಳು. ಮೋಟಾರು ಇದ್ದ ಮೇಲೆ ಬ್ರೇಕೂ ಅದರದೇ ಕೆಲಸ. ತೊಟ್ಟಿ ಇದ್ದ ಕಡೆ ಬ್ಯಾಟರಿ, ಎಂಜಿನ್ ಇದ್ದ ಕಡೆ ಮೋಟಾರು. ಅಂಗಡಿಯಲ್ಲಿ ಕತ್ತರಿಸಿ ತಂದಿದ್ದ ಅಲ್ಯೂಮಿನಿಯಂ ತಗಡನ್ನು ಇಟ್ಟು ನೋಡಿದರೆ ತೂತು ಅರ್ಧ ಮಿಲಿಮೀಟರು ಅತ್ತ. ಅರದಿಂದ ಉಜ್ಜಿ ಸರಿ ಮಾಡಿದಳು. ಮೋಟಾರಿನ ಪುಟ್ಟ ಹಲ್ಲುಚಕ್ರವನ್ನು ಟ್ರಕ್ಕಿನ ದೊಡ್ಡ ಹಲ್ಲುಚಕ್ರಕ್ಕೆ ತಾಗಿಸಿ, ಮಧ್ಯೆ ಪೇಪರಿನ ಒಂದು ಚೂರು ಇಟ್ಟು, ಒತ್ತಿ, ಬೋಲ್ಟು ಬಿಗಿದು, ಪೇಪರು ಎಳೆದಳು. ನೆರಿಗೆ ಬಿದ್ದಿತ್ತು, ಹರಿದಿರಲಿಲ್ಲ. ಹಲ್ಲುಗಳ ನಡುವೆ ಅಷ್ಟೇ ಸಡಿಲ ಬೇಕು. ಹೆಚ್ಚಾದರೆ ಹಲ್ಲು ಮುರಿಯುತ್ತವೆ, ಕಮ್ಮಿಯಾದರೆ ಬೇರಿಂಗು ಸಾಯುತ್ತದೆ. ಇನ್ನೊಂದು ಬದಿಯಲ್ಲಿ ಪೇಪರು ಹಾಕಿ ಇನ್ನೊಮ್ಮೆ ನೋಡಿದಳು, ಅಂಗಡಿಯಲ್ಲಿ ಮಾಲೀಕರು ಇದನ್ನು ಅವಳ ಹುಚ್ಚು ಎನ್ನುತ್ತಾರೆ. ಎನ್ನಲಿ. ಅವಳು ಸುತ್ತಿದ ಮೋಟಾರು ವಾಪಸು ಬಂದದ್ದು ಇಪ್ಪತ್ತೆರಡು ವರ್ಷಗಳಲ್ಲಿ ಎರಡೇ ಸಲ, ಅದರಲ್ಲೊಂದು ನೀರಲ್ಲಿ ಬಿದ್ದಿತ್ತು. ಮೋಟಾರಿನಿಂದ ಮೂರು ತಂತಿ, ಅದರ ವೇಗ ಹಿಡಿಯುವ ನಿಯಂತ್ರಕದಿಂದ ಮೂರು ತಂತಿ. ಬೆಸುಗೆ ಹಾಕಿ, ಟ್ರಕ್ಕನ್ನು ಪುಸ್ತಕಗಳ ಮೇಲೆ ಎತ್ತಿಟ್ಟು, ಮೊದಲು ಕೈಯಲ್ಲಿನ ರಿಮೋಟು, ಆಮೇಲೆ ಟ್ರಕ್ಕು, ಈ ಕ್ರಮದಲ್ಲಿ ಸ್ವಿಚ್ಚು ಒತ್ತಿ, ರಿಮೋಟಿನ ಟ್ರಿಗರನ್ನು ಬೆರಳಿನಿಂದ ಒಂದಿಷ್ಟು ಎಳೆದಳು. ನಾಲ್ಕು ಚಕ್ರವೂ ತಿರುಗಿದವು, ಹಿಂದಕ್ಕೆ. ಅವಳು ಮೂರರಲ್ಲಿ ಎರಡು ತಂತಿ ಅದಲು ಬದಲು ಮಾಡಿದಳು. ಮುಂದಕ್ಕೆ ತಿರುಗಿದವು. ಎಂಜಿನ್ನಿಗೆ ಒಂದೇ ದಿಕ್ಕು ಗೊತ್ತು. ಈ ಸುಖ ಅಪ್ಪನಿಗೆ ಯಾವತ್ತೂ ಸಿಕ್ಕಿಲ್ಲ ಎಂದುಕೊಂಡಳು. ಆಮೇಲೆ ಟ್ರಿಗರನ್ನು ಪೂರ್ತಿ ಎಳೆದಳು. ಕೋಣೆ ತುಂಬ ಸಣ್ಣನೆಯ, ಏರುವ, ಕಿವಿ ಕೊರೆಯುವ ಕೂಗು. ಅಡಿಗೆಮನೆಯಿಂದ ಗಂಡ "ಹೇಯ್!" ಎಂದ. ಅವಳು ಬೆರಳು ಬಿಟ್ಟಳು.

ಇದೂ ಮೇಲಿನ ಸ್ವರವೇ. ಎಲೆಕ್ಟ್ರಿಕ್ ಗಾಡಿಗೆ ಸದ್ದಿಲ್ಲ ಎನ್ನುವವರು ದೂರದಲ್ಲಿ ನಿಂತವರು.

ಅಪ್ಪ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರು. ತಂಗಿಯ ಗಂಡ ಬಾಗಿಲಲ್ಲೇ ಬಿಟ್ಟು, ಗಾಡಿ ಅಡ್ಡ ನಿಲ್ಲಿಸಿದ್ದೇನೆಂದು ಹೊರಟ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದವರು ಊಟದ ಮೇಜಿನ ಹತ್ತಿರ ನಿಂತುಬಿಟ್ಟರು. ಹೆಗಲ ಚೀಲವನ್ನು ಇಳಿಸಲೂ ಇಲ್ಲ. ನಲವತ್ತಾರು ವರ್ಷವಾದರೂ, ಅಪ್ಪನ ಸ್ಪ್ಯಾನರು ಕಳೆದು ಬಂದ ಹುಡುಗಿಯ ಹಾಗೇ ಅವಳು ನಿಂತಳು.

"ಎಂಜಿನ್ ಎಲ್ಲಿ?"

"ಪೆಟ್ಟಿಗೇಲಿದೆ ಅಪ್ಪ. ಸೋಮವಾರ ಕೇಳಿದ್ನಲ್ಲ, ಮೋಟಾರು ಹಾಕ್ಲಾ ಅಂತ. ಹೂಂ ಅಂದ್ರಿ."

ಅವರು ಅವಳ ತುಟಿಯನ್ನು ನೋಡುತ್ತಿದ್ದರು. ಅವಳು ಇದನ್ನು ಮೊದಲ ಸಲ ಕಂಡಳು, ಕಣ್ಣಲ್ಲ, ತುಟಿ. ಒಂದು ಗಳಿಗೆ ಅವರ ಮುಖದಲ್ಲಿ ಏನೂ ಇರಲಿಲ್ಲ. ಸೋಮವಾರಕ್ಕೆ ಹೋಗಿ ಹುಡುಕಿ, ಸಿಗದೆ ಬರಿಗೈಯಲ್ಲಿ ಬಂದರು. ಆಮೇಲೆ, "ಹಾಂ. ಅಂದಿದ್ದೆ, ಅಂದಿದ್ದೆ," ಎಂದರು, ಗಡಿಬಿಡಿಯಲ್ಲಿ. ಎಷ್ಟೋ ಜನಕ್ಕೆ ಬೆವರಿಳಿಸಿದ ಮನುಷ್ಯ ಸುಳ್ಳು ಹೇಳುವಾಗ ಇಷ್ಟು ಬಡವಾಗುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅವರು ಚೀಲ ಇಳಿಸಿ, ಕನ್ನಡಕ ಹಾಕಿ, ಬಗ್ಗಿದರು. ಹಲ್ಲುಚಕ್ರವನ್ನು ಬೆರಳಿನಿಂದ ಅಲುಗಿಸಿ ಸಡಿಲ ನೋಡಿದರು, ಏನೂ ಹೇಳಲಿಲ್ಲ. ಅಪ್ಪ ಏನೂ ಹೇಳದಿದ್ದರೆ ಚೆನ್ನಾಗಿದೆ ಎಂದರ್ಥ. ಒಂದು ತಂತಿ ಚಕ್ರದ ಹತ್ತಿರ ಹಾದದ್ದನ್ನು ತೋರಿಸಿ, "ಇದನ್ನ ಕಟ್ಟು, ತಿರುವಿನಲ್ಲಿ ಉಜ್ಜುತ್ತೆ," ಎಂದರು. ಅದು ನಿಜವಾಗಿತ್ತು. ಅವಳು ಕಟ್ಟಿದಳು. "ಬ್ರೇಕು?" ಎಂದು ಕೇಳಿದರು. ಮೋಟಾರೇ ಹಿಡಿಯುತ್ತದೆ ಎಂದು ಅವಳು ಹೇಳಿದ್ದು, ಈ ಸಲ ಎದುರಿಗೆ ನಿಂತು, ದನಿ ತಗ್ಗಿಸಿ, ನಿಧಾನಕ್ಕೆ. ಅವರು ತಟ್ಟನೆ ಉತ್ತರ ಕೊಟ್ಟರು. "ಅದನ್ನ ನೋಡ್ಬೇಕು. ನಡಿ."

ಮನೆಯ ಹಿಂದೆ, ಹಳೆಯ ಕಟ್ಟಡವೊಂದನ್ನು ಕೆಡವಿ ಮಟ್ಟ ಮಾಡಿದ ಖಾಲಿ ಜಾಗ. ಮೂವರೂ ಅಲ್ಲಿಗೆ ಹೋದರು. ಅಪ್ಪ ಅಭ್ಯಾಸ ಬಲದಿಂದ ಟ್ರಕ್ಕನ್ನು ನೆಲಕ್ಕಿಡದೆ ಎಡಗೈಯಲ್ಲಿ ಎತ್ತಿ ಹಿಡಿದು, ತಲೆ ವಾಲಿಸಿ, ಬಲಗೈಯ ರಿಮೋಟಿನ ಟ್ರಿಗರು ಎಳೆದರು. ನಾಲ್ಕೂ ಟೈರು ಒಮ್ಮೆಲೇ ಉಬ್ಬಿ ಗಿರ್ರೆಂದವು; ಅವರು ಬೆಚ್ಚಿ ಕೈ ದೂರ ಚಾಚಿದರು. "ಅಬ್ಬ, ಕಾಯಿಸೋದೇ ಬೇಡ್ವಾ ಇದಕ್ಕೆ!" ನೆಲಕ್ಕಿಟ್ಟರು. ಮೊದಲ ಎಳೆತಕ್ಕೆ ಟ್ರಕ್ಕು ಹಿಂದಿನ ಚಕ್ರದ ಮೇಲೆ ನಿಂತು ಅಂಗಾತ ಬಿತ್ತು. ಗಂಡ ಓಡಿ ಎತ್ತಿ ನಿಲ್ಲಿಸಿದ. ಎರಡನೆಯ ಸಲ ಬೀಳಲಿಲ್ಲ. ಎಪ್ಪತ್ತೆರಡು ವರ್ಷದ ಆ ಬೆರಳಿಗೆ ಒಂದು ಸಲ ಹೇಳಿದರೆ ಸಾಕಿತ್ತು. ಟ್ರಕ್ಕು ಜಾಗದ ಉದ್ದಕ್ಕೂ ಹೋಗಿ, ಇಟ್ಟಿಗೆ ರಾಶಿಯನ್ನು ಸುತ್ತು ಹಾಕಿ, ಮಣ್ಣು ಚಿಮ್ಮಿಸಿ ತಿರುಗಿ, ಅವರ ಕಾಲಿನಿಂದ ಒಂದು ಗೇಣು ದೂರದಲ್ಲಿ ಗಕ್ಕನೆ ನಿಂತಿತು. ಮತ್ತೆ ಹೊರಟಿತು. ಅಪ್ಪನ ಬಾಯಿ ಸ್ವಲ್ಪ ತೆರೆದಿತ್ತು. ಹದಿನಾಲ್ಕು ತಿಂಗಳಲ್ಲಿ ಅವಳು ಕಾಣದ ಮುಖ ಅದು. ತನ್ನ ಕೈ ಸುತ್ತಿದ ತಾಮ್ರ ಆ ಮುಖವನ್ನು ತಂದಿತು ಎಂಬ ಹೆಮ್ಮೆಗೆ ಅವಳು ನೆಟ್ಟಗಾದಳು. ಟ್ರಕ್ಕು ಒಂದೇ ಸಮನೆ ಕೂಗುತ್ತಿತ್ತು. ಎದುರಿನ ಮನೆಯ ಎರಡನೆಯ ಮಹಡಿಯಲ್ಲಿ ಯಾರೋ ಕಿಟಕಿಯನ್ನು ದಢಾರನೆ ಮುಚ್ಚಿದರು.

"ಏನ್ ಗಾಡಿ ಮಾಡಿದೀಯೇ!" ಅಪ್ಪ ಕೂಗಿದರು. "ಸದ್ದೇ ಇಲ್ಲ! ಒಂಚೂರೂ ಸದ್ದಿಲ್ಲ ನೋಡು!"

ಗಂಡ ಅವಳ ಕಡೆ ನೋಡಿದ, ಮಾತು ಕೊಟ್ಟಂತೆ ಬಾಯಿ ಹಾಕಲಿಲ್ಲ. ಸುಮ್ಮನಿರುವುದು ಬಹಳ ಸುಲಭವಾಗಿತ್ತು. ಹೌದಪ್ಪ, ಸದ್ದಿಲ್ಲ. ಅಷ್ಟು ಹೇಳಿದರೆ ಆ ಮುಖ ಹಾಗೇ ಉಳಿಯುತ್ತಿತ್ತು. ನಾಳೆ ಅವರು ಟ್ರ್ಯಾಕಿಗೆ ಬಂದು, ಆ ಏಳೆಂಟು ಜನರ ಮುಂದೆ, ನಮ್ಮ ಹುಡುಗಿ ಸದ್ದಿಲ್ಲದ ಗಾಡಿ ಮಾಡಿದಾಳೆ ಎಂದು ಹೇಳುತ್ತಾರೆ, ಗಾಡಿ ಕೂಗುತ್ತಿರುತ್ತದೆ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾರೋ ಸಮಾಧಾನ ಹೇಳುತ್ತಾರೆ. ಆ ಮೇಜಿನ ತುದಿಯಲ್ಲಿ ನಿಂತವರಿಗೆ ಮಾತ್ರ ಗೊತ್ತು ಅದು ಎಂಥ ಜಾಗವೆಂದು. ತನಗಾಗಿ ಹೇಳುವುದೋ, ಅವರಿಗಾಗಿ ಹೇಳುವುದೋ ಎಂದು ಅವಳು ಒಂದು ಕ್ಷಣ ಹುಡುಕಿದಳು. ಎರಡೂ ಇತ್ತು. ಇರಲಿ. ಅವಳು ಅಪ್ಪನ ಎದುರಿಗೆ ಬಂದು ನಿಂತು, ದನಿ ತಗ್ಗಿಸಿ ಹೇಳಿದಳು.

"ಸದ್ದಿದೆ ಅಪ್ಪ. ಜೋರಾಗಿದೆ. ಆ ಮನೆಯವ್ರು ಕಿಟಕಿ ಹಾಕ್ಕೊಂಡ್ರು."

ಟ್ರಕ್ಕು ನಿಂತಿತು. ಅಪ್ಪ ಕಿಟಕಿಯ ಕಡೆ ನೋಡಿದರು, ಅಳಿಯನ ಕಡೆ ನೋಡಿದರು. ಅಳಿಯ ತಲೆ ಆಡಿಸಿದ. ಅವರು ರೇಗಲಿಲ್ಲ. ಟ್ರಕ್ಕನ್ನು ಹತ್ತಿರಕ್ಕೆ ಓಡಿಸಿಕೊಂಡು, ಎತ್ತಿ, ಬಲಗಿವಿಯ ಪಕ್ಕ ಹಿಡಿದು ಟ್ರಿಗರು ಎಳೆದರು. ಬಿಟ್ಟರು. ಎಡಗಿವಿಯ ಪಕ್ಕ ಹಿಡಿದು ಎಳೆದರು. ಕಾಲು ಎಳೆತ, ಅರ್ಧ ಎಳೆತ, ಪೂರ್ತಿ. ಯಾರದೋ ಎಂಜಿನ್ ಪರೀಕ್ಷೆ ಮಾಡುವ ಶ್ರದ್ಧೆಯಲ್ಲೇ, ಒಂದನ್ನೂ ಬಿಡದೆ, ತನ್ನ ಕಿವಿಯನ್ನು ಪರೀಕ್ಷೆ ಮಾಡಿದರು. ಟೈರಿನ ಗಾಳಿಗೆ ಅವರ ನರೆಗೂದಲು ಹಾರುತ್ತಿತ್ತು. ಅವಳು ಹಲ್ಲು ಕಚ್ಚಿ ನಿಂತಿದ್ದಳು, ಅಷ್ಟು ಜೋರಾಗಿತ್ತು. ಕೊನೆಗೆ ಟ್ರಕ್ಕನ್ನು ನೆಲಕ್ಕಿಟ್ಟು, ಸ್ವಿಚ್ಚು ಆರಿಸಿ, ಅಲ್ಲೇ ಒಂದು ಇಟ್ಟಿಗೆಯ ಮೇಲೆ ಕೂತರು.

"ಸೂಜಿ ಎಷ್ಟಿತ್ತು?"

ಅವರು ಕೇಳಬಹುದೆಂದು ಅವಳು ಅಂದುಕೊಂಡ ಪ್ರಶ್ನೆ ಇದಲ್ಲ. ಆದರೆ ಅವರು ಅವರೇ. ಕಿವಿಯಿಂದ ಸೂಜಿಯವರೆಗೆ ಒಬ್ಬರೇ ನಡೆದು ಬಂದಿದ್ದರು.

"ಒಂದೂಕಾಲು."

"ಒಂದೂಕಾಲು," ಎಂದು ಅವರು ತಮಗೇ ಹೇಳಿಕೊಂಡರು. ಬಲಗೈಯ ಎರಡು ಬೆರಳು ಗಾಳಿಯಲ್ಲಿ ಕಾಣದ ಸ್ಕ್ರೂಡ್ರೈವರನ್ನು ಸ್ವಲ್ಪ ತಿರುಗಿಸಿದವು. "ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಅಂತ ಮುಚ್ಚುತ್ತಾ ಹೋದೆ. ಹಾಗಾದ್ರೆ ಎಣ್ಣೆ ಸರಿಯಾಗೇ ಇತ್ತು."

"ಸರಿಯಾಗಿತ್ತು," ಎಂದಳು.

ಗಂಡ ಇಟ್ಟಿಗೆ ರಾಶಿಯ ಆಚೆ ಹೋಗಿ, ಅಲ್ಲಿ ಏನೋ ಬಿದ್ದುಹೋಗಿದೆಯೆಂಬಂತೆ ನೆಲ ನೋಡುತ್ತಾ ನಿಂತ. ಅಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. ಅವತ್ತಿನಂತೆ ಒರೆಸಿಕೊಳ್ಳಲಿಲ್ಲ.

"ಅಷ್ಟು ಜನರ ಮುಂದೆ ನಿನ್ನ ಮೇಲೆ ಹಾಕ್ಬಿಟ್ಟೆ," ಎಂದರು. "ಅವರ ಮುಂದೇನೇ ಹೇಳ್ತೀನಿ ನಾಳೆ. ತಪ್ಪು ನಂದು ಅಂತ. ಕಿವಿ ಹೋಗಿದೆ ಅಂತಲೂ ಹೇಳ್ಬೇಕಾಗುತ್ತೆ, ಇಲ್ದಿದ್ರೆ ಯಾರೂ ನಂಬಲ್ಲ."

ಬೇಡ ಬಿಡಿ ಅಪ್ಪ, ಹೋಗ್ಲಿ, ಎಂಬ ಮಾತು ಅವಳ ಗಂಟಲಿಗೆ ತಾನಾಗಿ ಬಂತು. ಹುಟ್ಟಿದಾಗಿನಿಂದ ಅಲ್ಲೇ ಕೂತಿದ್ದ ಮಾತು. ಯಾರು ತಲೆ ತಗ್ಗಿಸಿದರೂ ಮೊದಲು ಅದೇ ಏಳುತ್ತಿತ್ತು. ಅಪ್ಪ ಅವಳ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದರು. ಅವಳು ಅವರ ಪಕ್ಕದಲ್ಲಿ ಕೂರಲಿಲ್ಲ, ಎದುರಿಗೆ, ಕಾಣುವಂತೆ, ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಹೇಳಿ ಅಪ್ಪ," ಎಂದಳು.